ಅಡಿಕೆ, ತೆಂಗು, ಕಾಳುಮೆಣಸು ಹಬ್ಬಿದ ಮರ ಹತ್ತಲು ಹಾರ್ನೆಸ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಈಗ ಸುಮಾರು ತೋಟದ ಮನೆಗಳ ಜಗಲಿಯಲ್ಲಿ ಒಂದು ಕೇಸರಿ ಬಣ್ಣದ ಹಾರ್ನೆಸ್, ಅಂದರೆ ಬಿದ್ದರೆ ಹಿಡಿದು ನಿಲ್ಲಿಸಲು ಮೈಗೆ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟ್, ನೇತಾಡುತ್ತಿರುತ್ತದೆ. ಮರದ ಮೇಲೆ ಮಾತ್ರ ಅದು ಕಾಣುವುದಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬರು ಕೆಲಸ ಸಾಗಲ್ಲ ಅನ್ನುತ್ತಾರೆ, ಇನ್ನೊಬ್ಬರು ತೊಡೆಗೆ ಬಿಗಿಯುತ್ತದೆ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ: ಹಾಕಿಕೊಂಡ ಮೇಲೆ ಅದನ್ನು ಮರಕ್ಕೆ ಎಲ್ಲಿ, ಹೇಗೆ ಕಟ್ಟಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಅಂಗಡಿಯವರು ಮಾರುವುದು ಕಟ್ಟಡ ಕೆಲಸದವರ ಹಾರ್ನೆಸ್. ಅಲ್ಲಿ ತಲೆಯ ಮೇಲೆ ಕಬ್ಬಿಣದ ಪೈಪು ಇರುತ್ತದೆ, ಹುಕ್ಕು ಹಾಕಿದರೆ ಮುಗಿಯಿತು. ಅಡಿಕೆ ಮರದಲ್ಲಿ ಏನಿದೆ? ಕೊಂಬೆ ಇಲ್ಲ, ಕವಲಿಲ್ಲ, ಮಳೆಗಾಲದಲ್ಲಿ ಪಾಚಿ ಬೇರೆ. ಅದಕ್ಕೇ ಇಲ್ಲಿ ಕೆಲಸದ ಅನುಕ್ರಮ ತಿರುವುಮುರುವು. ಮೊದಲು ಮರ, ಆಮೇಲೆ ಮರಕ್ಕೆ ಹಾಕುವ ಪಟ್ಟಿ, ಕೊನೆಗೆ ಮೈಗೆ ಹಾಕುವ ಹಾರ್ನೆಸ್. ಹೆಚ್ಚಿನವರು ಮೂರನೆಯದನ್ನು ಮೊದಲು ಕೊಂಡು ತಂದು ಅಲ್ಲಿಗೇ ನಿಲ್ಲುತ್ತಾರೆ. ನಾನೂ ಹಾಗೇ ಮಾಡಿದವನು.

ಒಂದು ಮಾತು. ಇದನ್ನು ಓದಿ ಮರ ಹತ್ತಲು ಕಲಿಯಬೇಡಿ. ಇದು ಈಗಾಗಲೇ ಹತ್ತುವವರಿಗೆ, ಹತ್ತಿಸುವ ತೋಟದವರಿಗೆ. ಹೊಸಬರಾದರೆ ತೆಂಗು ಅಭಿವೃದ್ಧಿ ಮಂಡಳಿ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ಮರ ಹತ್ತುವ ತರಬೇತಿ ಕೊಡಿಸುತ್ತದೆ, ಅಲ್ಲಿ ವಿಚಾರಿಸಿ.

ಬೇಕಾಗುವ ಸಾಮಾನು

ಇಡೀ ಮೈಗೆ ಹಾಕುವ ಹಾರ್ನೆಸ್ ಒಂದು. ಮರಕ್ಕೆ ಸುತ್ತಿ ಬಿಗಿಯುವ ಪಟ್ಟಿ ಎರಡು, ಒಂದಲ್ಲ, ಎರಡು. ತಾನಾಗಿ ಲಾಕ್ ಆಗುವ ಹುಕ್ಕುಗಳು. ಉದ್ದ ಕಡಿಮೆ ಹೆಚ್ಚು ಮಾಡಲು ಬರುವ ಒಂದು ಸೊಂಟದ ಹಗ್ಗ. ಕಾಲು ಊರಿ ನಿಲ್ಲಲು ಒಂದು ಹಗ್ಗದ ಕುಣಿಕೆ. ಗಲ್ಲದ ಪಟ್ಟಿ ಇರುವ ಹೆಲ್ಮೆಟ್. ಅಳತೆಯ ಟೇಪು, ತೂಕದ ಯಂತ್ರ. ಇದರ ಜೊತೆ ಕೆಳಗೆ ನಿಲ್ಲುವ ಒಬ್ಬ ಮನುಷ್ಯ. ಅವನನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದು ತಮಾಷೆಗಲ್ಲ, ಮುಂದೆ ಗೊತ್ತಾಗುತ್ತದೆ.

ಹಂತ 1: ಮೊದಲು ಮರ ನೋಡಿ

ಟೇಪು ಹಿಡಿದು ತೋಟಕ್ಕೆ ಹೋಗಿ. ಎದೆಯ ಎತ್ತರದಲ್ಲಿ ಮರದ ಸುತ್ತಳತೆ ತೆಗೆಯಿರಿ. ಅಡಿಕೆಗೆ ಹೆಚ್ಚಾಗಿ ಅರ್ಧ ಮೀಟರ್ ಒಳಗೇ ಬರುತ್ತದೆ. ತೆಂಗು ಒಂದು ಮೀಟರ್ ದಾಟಬಹುದು, ಬುಡದಲ್ಲಿ ಇನ್ನೂ ಜಾಸ್ತಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಆದರೆ ಬಳ್ಳಿ ಸೇರಿಸಿಯೇ ಅಳೆಯಿರಿ. ಈ ಅಳತೆ ಇಲ್ಲದೆ ಪಟ್ಟಿ ಕೊಂಡರೆ ತೆಂಗಿಗೆ ಗಿಡ್ಡ, ಅಡಿಕೆಗೆ ಉದ್ದ ಆಗಿ ಎರಡಕ್ಕೂ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಮರ ಆರೋಗ್ಯವಾಗಿದೆಯಾ ನೋಡಿ. ಹಾರ್ನೆಸ್ ನಿಮ್ಮನ್ನು ಮರಕ್ಕೆ ಕಟ್ಟುತ್ತದೆ, ಅಷ್ಟೇ. ಮರವೇ ಮುರಿದರೆ ಅದರ ಜೊತೆ ನೀವೂ ಬರುತ್ತೀರಿ, ಆಗ ಹಾರಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಇವು ಕಂಡರೆ ಆ ಮರ ಬೇಡ:

ಬುಡದಲ್ಲಿ ಅಣಬೆ ಎದ್ದಿದೆ, ಕಾಂಡದಿಂದ ಕಂದು ಅಂಟು ಸೋರುತ್ತಿದೆ. ಕತ್ತಿಯ ಹಿಡಿಯಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆ. ಬಿಸಿಲಿಗೆ ಸುಟ್ಟ ಕಡೆ ಕಾಂಡ ಸೀಳಿದೆ. ಮೇಲೆ ಮರ ಒಮ್ಮೆಲೇ ಪೆನ್ಸಿಲ್ ಮೊನೆಯಂತೆ ಸಣ್ಣಗಾಗಿದೆ. ಹೆಗ್ಗಣ ಬುಡ ಕೊರೆದು ಬೇರು ಹೊರಗೆ ಕಾಣುತ್ತಿದೆ. ಅಂಥ ಮರದ ಕೊನೆ (ಅಡಿಕೆ ಗೊನೆ) ಕೆಳಗಿನಿಂದ ದೋಟಿಯಲ್ಲೇ (ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು) ಇಳಿಸಿ, ಅದೂ ಆಗದಿದ್ದರೆ ಆ ಎರಡು ಕೊನೆ ಹೋಗಲಿ ಬಿಡಿ.

ಕರೆಂಟಿನ ತಂತಿ ಹತ್ತಿರ ಇದೆಯಾ ಅದನ್ನೂ ಈಗಲೇ ನೋಡಿ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕಾಫಿ ತೋಟಗಳಲ್ಲಿ ಎಷ್ಟು ಜನ ಸತ್ತಿದ್ದಾರೆ ಅಂತ ಕೊಡಗು, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ, ಅದು ಪ್ಲಾಸ್ಟಿಕ್ ಅಲ್ಲ. ತಂತಿಯ ಪಕ್ಕದ ಮರಕ್ಕೆ ಯಾವ ಹಾರ್ನೆಸ್ ಕೂಡ ಉತ್ತರ ಅಲ್ಲ, ಲೈನ್ ಆಫ್ ಮಾಡಿಸುವುದೊಂದೇ ದಾರಿ.

ಹಂತ 2: ನೀವು ಹತ್ತುವ ರೀತಿ ಯಾವುದು?

ಕಾಲಿಗೆ ತಳೆ (ಎರಡೂ ಪಾದ ಸೇರಿಸುವ ಹಗ್ಗದ ಬಳೆ) ಹಾಕಿ ಕೈಯಲ್ಲಿ ತಬ್ಬಿ ಹತ್ತುವುದು ಒಂದು. ಎರಡು ಚೌಕಟ್ಟಿನ ಯಂತ್ರದಲ್ಲಿ ತೆಂಗು ಹತ್ತುವುದು ಇನ್ನೊಂದು. ಮೆಣಸಿಗೆ ಒಂಟಿ ಬಿದಿರಿನ ಏಣಿ ಅಥವಾ ಅಲ್ಯೂಮಿನಿಯಂ ಏಣಿ ಒರಗಿಸುವುದು ಮೂರನೆಯದು. ಮೂರಕ್ಕೂ ಬೀಳುವ ಕ್ಷಣ ಬೇರೆ ಬೇರೆ.

ತಳೆಯವರು ಹೆಚ್ಚಾಗಿ ಬೀಳುವುದು ಎರಡು ಕಡೆ: ಮೇಲೆ ಕೈ ಬಿಟ್ಟು ಕೊನೆ ಕೊಯ್ಯುವಾಗ, ಮತ್ತು ಮರದಿಂದ ಮರಕ್ಕೆ ದಾಟುವಾಗ. ಯಂತ್ರದವರಿಗೆ ಮೇಲೆ ಚೌಕಟ್ಟಿನಿಂದ ಒಂದು ಕಾಲು ಹೊರಗೆ ಬಂದಾಗ ಅಪಾಯ. ಏಣಿಯವರಿಗೆ ಏಣಿಯೇ ಜಾರುತ್ತದೆ ಅಥವಾ ತಿರುಗುತ್ತದೆ. ಹಾಗಾಗಿ ಏಣಿಯವರು ನೆನಪಿಡಬೇಕಾದ ಸೂತ್ರ ಒಂದೇ: ಏಣಿಯ ತುದಿಯನ್ನು ಮರಕ್ಕೆ ಕಟ್ಟಿ, ನಿಮ್ಮನ್ನೂ ಮರಕ್ಕೆ ಕಟ್ಟಿಕೊಳ್ಳಿ. ನಿಮ್ಮನ್ನು ಏಣಿಗೆ ಕಟ್ಟಿಕೊಳ್ಳಬೇಡಿ.

ಅಂತರ್ಜಾಲದಲ್ಲಿ ಹಾರ್ನೆಸ್ ಹುಡುಕಿದರೆ ಕಾಡಿನ ಬಣ್ಣದ, ತೆಳ್ಳಗಿನ, ಚೆಂದದ ಹಾರ್ನೆಸ್‌ಗಳೂ ಸಿಗುತ್ತವೆ. ಅವು ಅಮೆರಿಕದಲ್ಲಿ ಮರಕ್ಕೆ ಅಟ್ಟಣಿಗೆ ಕಟ್ಟಿ ಕೂತು ಜಿಂಕೆ ಬೇಟೆ ಆಡುವವರಿಗೆ ಮಾಡಿದ್ದು. ಅವರು ಗಂಟೆಗಟ್ಟಲೆ ಒಂದೇ ಕಡೆ ಕೂರುತ್ತಾರೆ, ಬೆನ್ನಿನಿಂದ ಒಂದು ಗಿಡ್ಡ ಪಟ್ಟಿ ತಲೆಯ ಮೇಲಿನ ಮರಕ್ಕೆ ಹೋಗಿರುತ್ತದೆ. ನಾವು ದಿನಕ್ಕೆ ಹತ್ತಾರು ಮರ ಹತ್ತಿ ಇಳಿಯುವವರು, ಮುಖ ಯಾವಾಗಲೂ ಮರದ ಕಡೆ. ನಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ. ಆದರೆ ಅವರ ಒಂದು ನಿಯಮ ನಾವು ಕಲಿಯಬೇಕಾದದ್ದು: ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಕಟ್ಟಿಕೊಂಡೇ ಇರಬೇಕು, ಮೇಲೆ ಹೋದ ಮೇಲೆ ಕಟ್ಟಿಕೊಳ್ಳುವುದಲ್ಲ.

ಹಂತ 3: ಮರಕ್ಕೆ ಹಾಕುವ ಪಟ್ಟಿ, ಜೀವ ಇರುವುದು ಇಲ್ಲಿ

ಎಲ್ಲರೂ ತಪ್ಪುವ ಜಾಗ ಇದು, ನಿಧಾನ ಓದಿ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಸೊಂಟದ ಬೆಲ್ಟಿನ ಹಗ್ಗವನ್ನು ಮರದ ಹಿಂದಿನಿಂದ ತಂದು ಇನ್ನೊಂದು ಬದಿಯ ರಿಂಗಿಗೆ ಸಿಕ್ಕಿಸುತ್ತಾರೆ. ಹಿಂದಕ್ಕೆ ವಾಲಿ ನಿಂತಾಗ ಅದು ಚೆನ್ನಾಗಿ ಹಿಡಿಯುತ್ತದೆ, ಎರಡೂ ಕೈ ಖಾಲಿಯಾಗುತ್ತವೆ, ಸುರಕ್ಷಿತ ಅನ್ನಿಸುತ್ತದೆ. ಆದರೆ ಅದು ಹಿಡಿಯುವುದು ನೀವು ಕಾಲಿನಿಂದ ಮರವನ್ನು ಒತ್ತಿ ಹಿಂದಕ್ಕೆ ಎಳೆಯುತ್ತಿರುವುದರಿಂದ. ಕಾಲು ಜಾರಿದ ಕೂಡಲೇ ಆ ಎಳೆತ ಹೋಗುತ್ತದೆ, ಹಗ್ಗ ಸಡಿಲವಾಗುತ್ತದೆ, ನುಣುಪು ಮರದಲ್ಲಿ ಬಳೆ ಜಾರಿದ ಹಾಗೆ ನೀವು ಹಗ್ಗದ ಸಮೇತ ಸರ್ರನೆ ಕೆಳಗೆ. ಇದು ನಿಂತು ಕೆಲಸ ಮಾಡಲು ಇರುವ ಹಗ್ಗ, ಬೀಳುವುದನ್ನು ತಡೆಯುವ ಹಗ್ಗ ಅಲ್ಲ.

ಬೀಳುವುದನ್ನು ತಡೆಯಬೇಕಾದರೆ ಪಟ್ಟಿ ಎಳೆದಷ್ಟೂ ಬಿಗಿಯಾಗಬೇಕು. ಉರುಳಿನ ಹಾಗೆ. ಎರಡೂ ತುದಿಯಲ್ಲಿ ಹೊಲಿದ ಕುಣಿಕೆ ಇರುವ ಪಾಲಿಯೆಸ್ಟರ್ ಪಟ್ಟಿ ತೆಗೆದುಕೊಳ್ಳಿ, 22 ಕಿಲೋನ್ಯೂಟನ್ ಅಂತ ಬರೆದಿರಬೇಕು, ಅಂದರೆ ಸುಮಾರು 2,200 ಕೆಜಿ ಎಳೆತ ತಡೆಯುವಂಥದ್ದು. ಅದನ್ನು ಮರಕ್ಕೆ ಎರಡು ಸುತ್ತು ಹಾಕಿ, ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ತೂರಿಸಿ ಎಳೆಯಿರಿ. ತೂರಿಸಿದ ತುದಿ ನಿಮ್ಮ ಎದೆಯ ರಿಂಗಿಗೆ. ಎರಡು ಸುತ್ತು ಯಾಕೆಂದರೆ ಒಂದೇ ಸುತ್ತು ಒದ್ದೆ ಅಡಿಕೆ ಮರದಲ್ಲಿ ಕಚ್ಚಿಕೊಳ್ಳುವ ಮೊದಲು ಒಂದಷ್ಟು ಜಾರಿಬಿಡುತ್ತದೆ.

ಮೂರಡಿ ಪರೀಕ್ಷೆ: ಪಟ್ಟಿಯನ್ನು ತಲೆಯ ಎತ್ತರದಲ್ಲಿ ಮರಕ್ಕೆ ಬಿಗಿದು, ಹಾರ್ನೆಸ್‌ಗೆ ಸಿಕ್ಕಿಸಿ, ಎರಡು ಮೂರಡಿ ಮಾತ್ರ ಹತ್ತಿ, ಕಾಲು ಬಿಟ್ಟು ಪೂರ್ತಿ ಭಾರ ಹಾಕಿ. ಕೆಳಗೆ ಸೋಗೆ ಹಾಸಿರಲಿ. ಒಣ ಮರದಲ್ಲಿ ಒಮ್ಮೆ, ನೀರು ಎರಚಿ ಒಮ್ಮೆ. ಪಟ್ಟಿ ಒಂದು ಗೇಣಿಗಿಂತ ಜಾಸ್ತಿ ಜಾರಿದರೆ ಆ ಪಟ್ಟಿ, ಆ ಸುತ್ತುವ ರೀತಿ ನಿಮ್ಮ ಮರಕ್ಕೆ ಆಗುವುದಿಲ್ಲ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮಾಡಿದವರನ್ನು ನಾನು ಕಂಡಿದ್ದು ಕಡಿಮೆ.

ಎಲ್ಲಿ ಕಟ್ಟಬಾರದು ಅಂತಲೂ ಹೇಳಿಬಿಡುತ್ತೇನೆ. ಸೋಗೆಗೆ ಬೇಡ, ಕೊನೆಯ ತೊಟ್ಟಿಗೆ ಬೇಡ, ತಲೆಯ ಹತ್ತಿರದ ಹಸಿರು ಹಾಳೆ ಸುತ್ತಿದ ಮೆದು ಭಾಗಕ್ಕೆ ಬೇಡ. ಅದರ ಕೆಳಗಿನ ಗಟ್ಟಿ ಕಾಂಡಕ್ಕೇ ಆಗಬೇಕು. ತೆಂಗಿನಲ್ಲಿ ಒಣಗಿದ ಮಡಲಿನ ಮೇಲೆ ಪಟ್ಟಿ ಕೂರಿಸಬೇಡಿ, ಮಡಲು ಕಳಚಿದರೆ ಪಟ್ಟಿ ಸಡಿಲ. ಸಿಲ್ವರ್ ಓಕ್ ಕೊಂಬೆ ಎಷ್ಟೇ ದಪ್ಪ ಕಂಡರೂ ನಂಬಬೇಡಿ, ಅದು ಚಟ್ಟನೆ ಮುರಿಯುವ ಜಾತಿ. ಅಲ್ಲೂ ನಡುಕಾಂಡವೇ. ಬಳ್ಳಿ ಅಡ್ಡ ಬರುತ್ತದೆ ನಿಜ, ಬಳ್ಳಿಯನ್ನು ಸ್ವಲ್ಪ ಸರಿಸಿ ಕಾಂಡಕ್ಕೆ ಪಟ್ಟಿ ತಾಗಿಸಬೇಕು. ನಾಲ್ಕು ಎಲೆ ಹರಿದರೆ ಹರಿಯಲಿ.

ಹಂತ 4: ಬೀಳುವ ದೂರ ಲೆಕ್ಕ ಹಾಕಿ

ಕಟ್ಟಡದವರ ಹಾರ್ನೆಸ್ ಜೊತೆ 2 ಮೀಟರ್ ಹಗ್ಗ, ಅದರ ನಡುವೆ ಒಂದು ಸಣ್ಣ ಚೀಲ ಬರುತ್ತದೆ. ಆ ಚೀಲದೊಳಗೆ ಮಡಚಿ ಹೊಲಿದ ಪಟ್ಟಿ ಇರುತ್ತದೆ, ಬಿದ್ದಾಗ ಹೊಲಿಗೆ ಹರಿಯುತ್ತಾ ಹೊಡೆತ ಕಡಿಮೆ ಮಾಡುತ್ತದೆ. ಒಳ್ಳೆಯದೇ. ಆದರೆ ಲೆಕ್ಕ ನೋಡಿ: ಹಗ್ಗ 2 ಮೀಟರ್, ಚೀಲ ಬಿಚ್ಚಿದರೆ 1.75 ಮೀಟರ್ ತನಕ, ರಿಂಗಿನಿಂದ ನಿಮ್ಮ ಪಾದಕ್ಕೆ 1.5 ಮೀಟರ್, ಅದಲ್ಲದೆ ನೆಲಕ್ಕೆ ತಾಗದಂತೆ 1 ಮೀಟರ್ ಹೆಚ್ಚಿನ ಜಾಗ. ಒಟ್ಟು 6.25 ಮೀಟರ್, ಅಂದರೆ 20 ಅಡಿ. ಹದಿನೈದು ಅಡಿ ಎತ್ತರದಲ್ಲಿ ಪಾದದ ಹತ್ತಿರ ಹುಕ್ಕು ಹಾಕಿಕೊಂಡವನು ಹಗ್ಗ ಪೂರ್ತಿ ಕೆಲಸ ಮಾಡುವ ಮೊದಲೇ ನೆಲಕ್ಕೆ ತಾಗಿರುತ್ತಾನೆ. ಬೆಲ್ಟ್ ಹಾಕಿಕೊಂಡೇ ಬಿದ್ದು ಕಾಲು ಮುರಿದುಕೊಂಡರೆ ‘ಬೆಲ್ಟ್ ಸರಿ ಇಲ್ಲ’ ಅನ್ನುತ್ತೇವೆ. ಬೆಲ್ಟ್ ಸರಿಯಾಗೇ ಇತ್ತು, ಲೆಕ್ಕ ತಪ್ಪಿತ್ತು.

ಮರದ ಕೆಲಸಕ್ಕೆ ಉಪಾಯ ಬೇರೆ: ಬೀಳುವ ದೂರವನ್ನೇ ಕಡಿಮೆ ಮಾಡುವುದು. ಎಪ್ಪತ್ತು ಕೆಜಿ ಮನುಷ್ಯ 2 ಮೀಟರ್ ಬಿದ್ದು, ಹಿಗ್ಗದ ಪಟ್ಟಿ ಅವನನ್ನು 10 ಸೆಂಟಿಮೀಟರ್ ಒಳಗೆ ನಿಲ್ಲಿಸಿದರೆ ಮೈಮೇಲೆ ಬೀಳುವ ಸರಾಸರಿ ಎಳೆತ 1,470 ಕೆಜಿ ಆಗುತ್ತದೆ. ಬೆನ್ನುಮೂಳೆ ತಡೆಯುವುದಿಲ್ಲ. ಅದೇ ಮನುಷ್ಯ 30 ಸೆಂಟಿಮೀಟರ್ ಮಾತ್ರ ಬಿದ್ದರೆ 280 ಕೆಜಿ. ಹಾಗಾಗಿ ಪಟ್ಟಿ ಯಾವಾಗಲೂ ಎದೆಗಿಂತ ಮೇಲೆ, ಸಡಿಲ ಒಂದು ಗೇಣು. ಸೊಂಟಕ್ಕಿಂತ ಕೆಳಗೆ ಪಟ್ಟಿ ಕಂಡರೆ ಕೆಳಗಿನವರು ಕೂಗಿ ಹೇಳಬೇಕು.

ಹಂತ 5: ಈಗ ಹಾರ್ನೆಸ್

ಬರೀ ಸೊಂಟದ ಬೆಲ್ಟ್ ಬೇಡವೇ ಬೇಡ. ನಾನು ಮೊದಲ ವರ್ಷ ಪೇಟೆಯ ಒಂದು ಅಂಗಡಿಯಿಂದ ತಂದಿದ್ದು ಅದನ್ನೇ, ಅಗಲ ಚರ್ಮದ್ದು, ನೋಡಲು ಗಟ್ಟಿಮುಟ್ಟು. ನಮ್ಮ ಕೊನೆಗೌಡ (ಮರ ಹತ್ತಿ ಕೊನೆ ಕೊಯ್ಯುವವನು) ಅದನ್ನು ತಿರುಗಿಸಿ ನೋಡಿ, ‘ಹೆಗಡೇರೆ, ಇದ್ರಾಗೆ ಬಿದ್ರೆ ಸೊಂಟ ಎರಡು ತುಂಡು’ ಅಂದ. ಅವನು ಹೇಳಿದ್ದೇ ಸರಿ. ಬಿದ್ದಾಗ ಪೂರ್ತಿ ಹೊಡೆತ ಹೊಟ್ಟೆ ಮತ್ತು ಬೆನ್ನಿನ ಮೇಲೆ ಬೀಳುತ್ತದೆ, ತಲೆಕೆಳಗಾದರೆ ಜಾರಿ ಹೊರಗೇ ಬರಬಹುದು. ಭುಜ, ಎದೆ, ಎರಡು ತೊಡೆ ಸುತ್ತುವ ಹಾರ್ನೆಸ್‌ನಲ್ಲಿ ಹೊಡೆತ ಹೆಚ್ಚಾಗಿ ತೊಡೆಗೆ ಹಂಚಿಹೋಗುತ್ತದೆ.

ರಿಂಗುಗಳನ್ನು ಎಣಿಸಿ. ಅಗ್ಗದ ಹಾರ್ನೆಸ್‌ಗೆ ಬೆನ್ನಲ್ಲಿ ಒಂದೇ ರಿಂಗು. ಮರಕ್ಕೆ ಅದು ಸಾಲದು. ಬೆನ್ನಿನ ರಿಂಗಿನಿಂದ ನೇತಾಡಿದರೆ ಮುಖ ಹೊರಗೆ ತಿರುಗುತ್ತದೆ, ಮರ ಕೈಗೆ ಸಿಗುವುದಿಲ್ಲ, ಯಾರಾದರೂ ಬರುವ ತನಕ ಬಾವಲಿ ಹಾಗೆ ಇರಬೇಕು. ಎದೆಯ ರಿಂಗಿನಿಂದ ನೇತಾಡಿದರೆ ಮರ ಕಣ್ಣ ಮುಂದೆಯೇ ಇರುತ್ತದೆ. ತಬ್ಬಿಕೊಂಡು ಕಾಲಿಗೆ ತಳೆ ಸರಿಮಾಡಿ ನೀವೇ ಇಳಿಯಬಹುದು. ಆದ್ದರಿಂದ ನಮಗೆ ಬೇಕಾದದ್ದು ಎದೆಯಲ್ಲಿ ಒಂದು, ಸೊಂಟದ ಎರಡು ಬದಿಗೆ ಎರಡು, ಬೆನ್ನಲ್ಲಿ ಒಂದು ರಿಂಗು ಇರುವಂಥದ್ದು. ಎದೆಯ ರಿಂಗಿಗೆ ಒಂದು ಷರತ್ತಿದೆ: ಎರಡಡಿಗಿಂತ ಜಾಸ್ತಿ ಬೀಳುವ ಹಾಗಿರಬಾರದು, ಇಲ್ಲದಿದ್ದರೆ ಕತ್ತು ಹಿಂದಕ್ಕೆ ಎಸೆದ ಹಾಗಾಗುತ್ತದೆ. ಸೊಂಟದ ಬದಿಯ ರಿಂಗುಗಳು ವಾಲಿ ನಿಲ್ಲಲು ಮಾತ್ರ. ಬೀಳುವುದನ್ನು ತಡೆಯುವ ಪಟ್ಟಿಯನ್ನು ಅವುಗಳಿಗೆ ಯಾವತ್ತೂ ಸಿಕ್ಕಿಸಬೇಡಿ.

ಯುರೋಪಿನ ಮಾನದಂಡದ ಹಾರ್ನೆಸ್ ಆದರೆ ಗುರುತು ಹಿಡಿಯುವುದು ಸುಲಭ. ಬೀಳುವುದನ್ನು ತಡೆಯುವ ರಿಂಗಿನ ಪಕ್ಕ ದೊಡ್ಡ ಇಂಗ್ಲಿಷ್ ಅಕ್ಷರ ‘ಎ’ ಇರುತ್ತದೆ. ‘ಎ/2’ ಅಂತ ಇದ್ದರೆ ಅಲ್ಲಿ ಎರಡು ಕುಣಿಕೆ ಇರುತ್ತವೆ, ಎರಡನ್ನೂ ಸೇರಿಸಿಯೇ ಹುಕ್ಕು ಹಾಕಬೇಕು. ಒಂದಕ್ಕೇ ಹಾಕುವುದು ಬಹಳ ಸಾಮಾನ್ಯ ತಪ್ಪು.

ತೂಕ ನೋಡಿಕೊಳ್ಳಿ. ಹೆಚ್ಚಿನ ಹಾರ್ನೆಸ್ 100 ಕೆಜಿಗೆ ಮಾಡಿದ್ದು. ಇದರಲ್ಲಿ ನಿಮ್ಮ ತೂಕ ಮಾತ್ರವಲ್ಲ, ಕತ್ತಿ, ಹಗ್ಗ, ಒದ್ದೆ ಬಟ್ಟೆ ಎಲ್ಲ ಸೇರಿದೆ. ತೊಡೆಗೆ ಮೆತ್ತೆ ಇರುವುದು ಸ್ವಲ್ಪ ದುಬಾರಿ, ಆದರೂ ಅದನ್ನೇ ಕೊಳ್ಳಿ ಅಂತ ನನ್ನ ಸಲಹೆ. ಮೆತ್ತೆ ಇಲ್ಲದ್ದು ಎರಡನೇ ದಿನ ತೊಡೆ ಕೆರೆಯುತ್ತದೆ, ಮೂರನೇ ದಿನ ಜಗಲಿಯ ಮೊಳೆಗೆ ಹೋಗುತ್ತದೆ.

ಹಂತ 6: ಹುಕ್ಕು ಮತ್ತು ಹಗ್ಗ

ಒಂದೇ ಒತ್ತಿಗೆ ತೆರೆಯುವ ಹುಕ್ಕು ಎಮ್ಮೆ ಕಟ್ಟಲು ಸರಿ, ಮನುಷ್ಯರಿಗಲ್ಲ. ತಿರುಚಿದಾಗ ರಿಂಗೇ ಅದರ ನಾಲಗೆಯನ್ನು ಒತ್ತಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ರಿಂಗಿಗೆ ತಿರುಚಿ ನೋಡಿ, ನಿಮಗೇ ಕಾಣುತ್ತದೆ. ಎರಡು ಬೇರೆ ಬೇರೆ ಚಲನೆ ಮಾಡಿದರೆ ಮಾತ್ರ ತೆರೆಯುವ, ಬಿಟ್ಟ ಕೂಡಲೇ ತಾನೇ ಲಾಕ್ ಆಗುವ ಹುಕ್ಕು ಕೇಳಿ.

ಪಟ್ಟಿ, ಹಗ್ಗ ಪಾಲಿಯೆಸ್ಟರ್ ಆದರೆ ಮಳೆನಾಡಿಗೆ ಒಳ್ಳೆಯದು, ನೈಲಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ತೆಂಗಿನ ನಾರಿನ ಹಗ್ಗ, ಬಾವಿ ಹಗ್ಗ, ನೀಲಿ ಪ್ಲಾಸ್ಟಿಕ್ ಹಗ್ಗ, ಲಾರಿಗೆ ಬಿಗಿಯುವ ಬೆಲ್ಟ್ ಇವು ಯಾವುವೂ ಬೇಡ. ಗಂಟು ಹಾಕಿ ಉದ್ದ ಮಾಡಿದ ಹಗ್ಗವೂ ಬೇಡ, ಗಂಟು ಹಾಕಿದ ಕಡೆ ಹಗ್ಗದ ಬಲ ಬಹಳ ಇಳಿಯುತ್ತದೆ.

ಕತ್ತಿ ಬೀಸುವ ಕಡೆ ಪಟ್ಟಿ ಇರಬಾರದು. ಬಲಗೈಯವರಾದರೆ ಪಟ್ಟಿಯ ಬಿಗಿತ ಎಡಕ್ಕೆ ಬರಲಿ. ಹರಿತ ಕತ್ತಿಗೆ ಬಿಗಿಯಾಗಿ ಎಳೆದ ಪಟ್ಟಿ ಬಾಳೆದಿಂಡಿನ ಹಾಗೆ, ತಾಗಿದರೆ ಮುಗಿಯಿತು. ಎರಡು ಪಟ್ಟಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಹಂತ 7: ಅಂಗಡಿಯಲ್ಲಿ ಚೀಟಿ ಓದಿ

ಹಾರ್ನೆಸ್‌ಗೆ ಹೊಲಿದ ಚೀಟಿಯಲ್ಲಿ ಐಎಸ್ 3521 (ಭಾರತದ ಮಾನದಂಡ) ಅಥವಾ ಇಎನ್ 361 (ಯುರೋಪಿನದು) ಅಂತ ಇರಬೇಕು. ಐಎಸ್‌ಐ ಗುರುತಿದ್ದರೆ ಅದರ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿದರೆ ಅದು ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ. ಬರೀ ಸಿಇ (ಯುರೋಪಿನ ಗುರುತು) ಅಂತ ಎರಡು ಅಕ್ಷರ ಅಚ್ಚಾಗಿದ್ದು ಮಾನದಂಡದ ಸಂಖ್ಯೆಯೇ ಇಲ್ಲದಿದ್ದರೆ ಕೆಳಗಿಟ್ಟು ಬನ್ನಿ.

ತಯಾರಾದ ತಿಂಗಳು, ವರ್ಷ, ಕ್ರಮ ಸಂಖ್ಯೆ ಇದೆಯಾ ನೋಡಿ. ಹೊಲಿಗೆ ಪಟ್ಟಿಯ ಬಣ್ಣಕ್ಕಿಂತ ಬೇರೆ ಬಣ್ಣದ ದಾರದಲ್ಲಿದ್ದರೆ ಒಳ್ಳೆಯದು, ಎಲ್ಲಿ ಬಿಚ್ಚಿದೆ ಅಂತ ದೂರದಿಂದಲೇ ಕಾಣುತ್ತದೆ. ಹಳೆ ಸ್ಟಾಕ್ ಅಂತ ರಿಯಾಯಿತಿ ಕೊಟ್ಟರೆ ತಯಾರಾದ ವರ್ಷ ನೋಡಿಯೇ ಮಾತಾಡಿ. ಯಾರೋ ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳುವುದಂತೂ ಬೇಡ, ಅದರಲ್ಲಿ ಯಾರಾದರೂ ಬಿದ್ದಿದ್ದಾರಾ ಇಲ್ಲವಾ ನಿಮಗೆ ಹೇಗೆ ಗೊತ್ತಾಗಬೇಕು?

ಹಂತ 8: ಹಾಕಿ ನೋಡಿ, ನೇತಾಡಿ ನೋಡಿ

ಬೆನ್ನಿನ ರಿಂಗು ಹಿಡಿದು ಹಾರ್ನೆಸ್ ಎತ್ತಿ ಕೊಡವಿ, ಪಟ್ಟಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಅಂಗಿ ಹಾಕಿದ ಹಾಗೆ ಭುಜಕ್ಕೆ ಹಾಕಿ. ಆಮೇಲೆ ತೊಡೆಯ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಈ ಅನುಕ್ರಮದಲ್ಲಿ ಹಾಕಿದರೆ ತಿರುಚುವುದಿಲ್ಲ.

ತೊಡೆ ಮತ್ತು ಪಟ್ಟಿಯ ನಡುವೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಎದೆಯ ಪಟ್ಟಿ ಎದೆಯ ಮಧ್ಯಕ್ಕಿರಲಿ, ಮೇಲಿದ್ದರೆ ಬಿದ್ದಾಗ ಗಂಟಲಿಗೆ ಬರುತ್ತದೆ. ಬೆನ್ನಿನ ರಿಂಗು ಎರಡು ಹೆಗಲ ಮೂಳೆಗಳ ನಡುವೆ. ಬಕಲಿನಿಂದ ಹೊರಬಂದ ಪಟ್ಟಿ ಕನಿಷ್ಠ ನಾಲ್ಕು ಬೆರಳು ಉಳಿದಿರಬೇಕು. ಲುಂಗಿ ಮೇಲೆ ಹಾಕಬೇಡಿ, ಅದು ಮುದುಡಿ ಪಟ್ಟಿಯ ಕೆಳಗೆ ಸೇರಿ ಸಡಿಲವಾಗುತ್ತದೆ. ಚಡ್ಡಿ ಅಥವಾ ಪ್ಯಾಂಟು. ಗಂಡಸರು ತೊಡೆಯ ಪಟ್ಟಿ ಎಲ್ಲಿ ಕೂತಿದೆ ಅಂತ ಸರಿಮಾಡಿಕೊಳ್ಳಿ, ನೇತಾಡಿದ ಮೇಲೆ ನೆನಪಾದರೆ ತಡವಾಗಿರುತ್ತದೆ.

ಈಗ ಕೊಟ್ಟಿಗೆಯ ಗಟ್ಟಿ ತೊಲೆಗೆ ಕಟ್ಟಿ, ನೆಲದಿಂದ ಒಂದಡಿ ಮೇಲೆ ಎರಡು ಮೂರು ನಿಮಿಷ ನೇತಾಡಿ. ಪಕ್ಕದಲ್ಲಿ ಒಬ್ಬರಿರಲಿ. ಕಾಲು ಜೋಮು ಹಿಡಿಯುತ್ತಿದೆಯಾ, ಉಸಿರು ಕಟ್ಟುತ್ತಿದೆಯಾ, ತಲೆ ನೇರ ನಿಲ್ಲುತ್ತದೆಯಾ? ಹಿತವಾಗೇನೂ ಇರುವುದಿಲ್ಲ, ಆದರೆ ಎರಡು ನಿಮಿಷ ತಡೆಯಲಾಗದಷ್ಟು ನೋವಾದರೆ ಅಳತೆ ತಪ್ಪಿದೆ. ಇಬ್ಬರು ಹತ್ತುವವರಿದ್ದು ಮೈಕಟ್ಟು ಬೇರೆ ಬೇರೆ ಆದರೆ ಎರಡು ಹಾರ್ನೆಸ್ ಬೇಕು, ಒಂದರಲ್ಲಿ ಇಬ್ಬರು ಸುಧಾರಿಸುವುದು ಅಂದರೆ ಯಾರಿಗೂ ಸರಿಯಾಗದೇ ಇರುವುದು.

ಹಂತ 9: ಮರದ ಮೇಲೆ ಮೊದಲ ದಿನ

ಗಿಡ್ಡ ಮರದಲ್ಲಿ ಶುರು ಮಾಡಿ. ನೆಲದಲ್ಲೇ ಮೊದಲ ಪಟ್ಟಿ ಮರಕ್ಕೆ, ಎದೆಯ ರಿಂಗಿಗೆ. ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ಅದನ್ನು ಸಡಿಲಿಸಿ ಮೇಲೆ ಸರಿಸಬೇಕು. ಸಡಿಲಿಸುವ ಮೊದಲು ಎರಡನೆಯ ಪಟ್ಟಿ ಅದರ ಮೇಲೆ ಬಿಗಿದಿರಬೇಕು. ಒಂದು ಹಾಕಿದ ಮೇಲೇ ಇನ್ನೊಂದು ಬಿಚ್ಚುವುದು, ಇದನ್ನು ಬಾಯಿ ಬಿಟ್ಟು ಹೇಳಿಕೊಂಡು ಮಾಡಿದರೂ ತಪ್ಪಿಲ್ಲ. ಮೇಲೆ ಮುಟ್ಟಿದ ಮೇಲೆ ಸೊಂಟದ ಹಗ್ಗವನ್ನು ಮರಕ್ಕೆ ಬಳಸಿ ವಾಲಿ ನಿಲ್ಲಿ, ಎದೆಯ ಪಟ್ಟಿ ಬಿಗಿದೇ ಇರಲಿ, ಆಮೇಲೆ ಕತ್ತಿ ತೆಗೆಯಿರಿ.

ಇದರಿಂದ ಕೆಲಸ ನಿಧಾನ ಆಗುತ್ತದೆ. ಆಗುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಮೊದಲ ವಾರ ಅರ್ಧಕ್ಕರ್ಧ ಮರ ಕಡಿಮೆ ಆದರೂ ಆಶ್ಚರ್ಯ ಪಡಬೇಡಿ. ಅದಕ್ಕೆ ತೋಟದವರಿಗೆ ಒಂದು ಮಾತು: ಮರ ಲೆಕ್ಕದಲ್ಲಿ ಕೂಲಿ ಕೊಟ್ಟು ಬೆಲ್ಟ್ ಹಾಕಿಕೋ ಅಂದರೆ ಯಾರೂ ಹಾಕುವುದಿಲ್ಲ. ದಿನಗೂಲಿ ಲೆಕ್ಕ ಮಾಡಿ, ಅಥವಾ ಮರಕ್ಕೆ ಕೊಡುವುದನ್ನು ಹೆಚ್ಚಿಸಿ.

ಮರದಿಂದ ಮರಕ್ಕೆ ದಾಟುವುದು? ನನ್ನ ಅಭಿಪ್ರಾಯ ಖಡಾಖಂಡಿತ: ಹಾರ್ನೆಸ್ ಹಾಕಿ ದಾಟಬೇಡಿ, ಹಾರ್ನೆಸ್ ಇಲ್ಲದೆಯೂ ದಾಟಬೇಡಿ. ಎರಡೂ ಮರಕ್ಕೆ ಕಟ್ಟಿಕೊಂಡಿದ್ದಾಗ ಮರಗಳು ಎರಡು ಕಡೆ ತೂಗಿದರೆ ನೀವು ನಡುವೆ ಸಿಕ್ಕಿದ ಹಾಗೆ. ಬಿಚ್ಚಿ ದಾಟಿದರೆ ಅಷ್ಟು ಹೊತ್ತು ಏನೂ ಇಲ್ಲದ ಹಾಗೆ. ಹಳೆಯ ಕೊನೆಗೌಡರು ಒಪ್ಪುವುದಿಲ್ಲ ಗೊತ್ತು. ಆದರೆ ಈಗ ಪಕ್ಕದ ಮರದ ಕೊನೆಗೆ ದೋಟಿ ಇದೆ, ಇಳಿದು ಹತ್ತುವ ಆಯ್ಕೆಯೂ ಇದೆ.

ನಿಲ್ಲಿಸಬೇಕಾದ ಸೂಚನೆಗಳು: ಪಟ್ಟಿ ಎರಡನೇ ಸಲ ಜಾರಿತು, ಗಾಳಿ ಎದ್ದಿತು, ಮಳೆ ಹನಿ ಬಿತ್ತು, ಕೈ ನಡುಗಿತು, ಕಣಜದ ಹುಳದ ಗೂಡು ಕಂಡಿತು. ಒಂದು ಕೊನೆ ಕೊಯ್ದು ಇಳಿಯೋಣ ಅಂದುಕೊಳ್ಳಬೇಡಿ.

ಹಂತ 10: ನೇತಾಡಿದವನನ್ನು ಇಳಿಸುವುದು

ಹಾರ್ನೆಸ್ ಕೆಲಸ ಮಾಡಿತು, ಮನುಷ್ಯ ಮರದಲ್ಲಿ ನೇತಾಡುತ್ತಿದ್ದಾನೆ. ಈಗ? ಅಲುಗಾಡದೆ ನೇತಾಡಿದರೆ ಕಾಲಿನಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಿ ಪ್ರಜ್ಞೆ ತಪ್ಪಬಹುದು. ಹಾಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬೀಳದೆ ಉಳಿದ ಅಂತ ಸಮಾಧಾನ ಪಡುವ ಹೊತ್ತಲ್ಲ ಅದು.

ಹಾರ್ನೆಸ್‌ಗೆ ಮೊದಲೇ ಒಂದು ಕಾಲಿನ ಕುಣಿಕೆ ಕಟ್ಟಿ ಜೇಬಿನಲ್ಲಿಟ್ಟಿರಬೇಕು. ನೇತಾಡಿದವನು ಅದನ್ನು ಕೆಳಗೆ ಬಿಟ್ಟು ಪಾದ ಊರಿ ಎದ್ದು ನಿಲ್ಲಬೇಕು, ಆಗ ತೊಡೆಯ ಒತ್ತಡ ಬಿಡುತ್ತದೆ, ರಕ್ತ ಓಡುತ್ತದೆ. ಕುಣಿಕೆ ಇಲ್ಲದಿದ್ದರೆ ಮರಕ್ಕೆ ಕಾಲು ಒತ್ತಿ, ಮೊಣಕಾಲು ಮಡಚಿ ಬಿಡಿಸಿ, ಸುಮ್ನೆ ಇರಬಾರದು.

ಕೆಳಗಿನವನ ಕೆಲಸ ಈಗ. ಮೊದಲು 112ಕ್ಕೆ ಫೋನು, ಆಂಬುಲೆನ್ಸ್‌ಗೆ 108. ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ಯಾವುದು, ಗಾಡಿ ಎಲ್ಲಿ ತನಕ ಬರುತ್ತದೆ, ಉದ್ದದ ಏಣಿ ಯಾರ ಮನೆಯಲ್ಲಿದೆ, ಹತ್ತಲು ಬಲ್ಲ ಎರಡನೆಯವನು ಯಾರು, ಇವೆಲ್ಲ ಬೆಳಿಗ್ಗೆಯೇ ಮಾತಾಡಿಕೊಂಡಿರಬೇಕು. ಒಬ್ಬರೇ ತೋಟಕ್ಕೆ ಹೋಗಿ ಹತ್ತುವವರಿಗೆ ಈ ಇಡೀ ಬರಹ ಉಪಯೋಗವಿಲ್ಲ.

ಇಳಿಸಿದ ಮೇಲೆ ಪ್ರಜ್ಞೆ ಇಲ್ಲದಿದ್ದರೆ ಮಲಗಿಸಿ ಉಸಿರು ನೋಡಿ. ಬೆನ್ನು, ಕತ್ತಿಗೆ ಪೆಟ್ಟಾಗಿದೆ ಅನ್ನಿಸಿದರೆ ಎತ್ತಿ ಕೂರಿಸುವುದು, ಬೈಕಿನ ಮಧ್ಯೆ ಕೂರಿಸಿ ಕರೆದೊಯ್ಯುವುದು ಬೇಡ. ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ತೋರಿಸಲೇಬೇಕು.

ಹಂತ 11: ತೊಳೆಯುವುದು, ಪರೀಕ್ಷಿಸುವುದು, ಬಿಸಾಡುವುದು

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಹಾರ್ನೆಸ್ ಬೇಗ ಹಾಳಾಗುತ್ತದೆ. ಆ ಔಷಧಿ, ಅಂದರೆ ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಹದವಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಅಲಗಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಅದೇ ಮೈಲುತುತ್ತ ನಿಮ್ಮ ಹುಕ್ಕಿನ ಮೇಲೂ ಕೂತು ತಿನ್ನುತ್ತದೆ. ಸುಣ್ಣ ಜಾಸ್ತಿಯಾದರೆ ಪಾಲಿಯೆಸ್ಟರ್‌ಗೆ ಆಗಿಬರುವುದಿಲ್ಲ. ಎರಡಕ್ಕೂ ಮದ್ದು ಒಂದೇ, ಅದೇ ದಿನ ಸಂಜೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ನೆರಳಲ್ಲಿ ಆರಿಸಿ. ಬಿಸಿಲು ಬೇಡ, ಒಲೆಯ ಮೇಲಿನ ಅಟ್ಟವೂ ಬೇಡ. ಇಲಿ ಬರದ ಡಬ್ಬದಲ್ಲಿಡಿ.

ಪ್ರತಿ ಸಲ ಹಾಕುವ ಮೊದಲು ಪಟ್ಟಿಯನ್ನು ಬೆರಳ ನಡುವೆ ಬಾಗಿಸುತ್ತಾ ಪೂರ್ತಿ ಉದ್ದ ನೋಡಿ. ಅಂಚಿನಲ್ಲಿ ಸೀಳು, ಬಿಚ್ಚಿದ ಹೊಲಿಗೆ, ಗಾಜಿನ ಹಾಗೆ ಗಟ್ಟಿಯಾದ ಜಾಗ, ಬೀಡಿ ಸುಟ್ಟ ತೂತು, ತೀರಾ ಬಿಳಿಚಿದ ಬಣ್ಣ, ತುಕ್ಕಿನಿಂದ ಅಂಟುವ ಹುಕ್ಕು ಇವುಗಳಲ್ಲಿ ಒಂದಿದ್ದರೂ ಅದರ ಕೆಲಸ ಮುಗಿಯಿತು. ಕೆಲವು ಹಾರ್ನೆಸ್‌ಗಳಲ್ಲಿ ರಿಂಗಿನ ಹತ್ತಿರ ಮಡಚಿ ಹೊಲಿದ ಒಂದು ಸಣ್ಣ ಭಾಗ ಇರುತ್ತದೆ, ಬಿದ್ದಾಗ ಅದು ಹರಿದು ಒಳಗಿನ ಕೆಂಪು ಗುರುತು ಕಾಣುತ್ತದೆ. ಕಂಡರೆ ಮುಗಿಯಿತು. ಗುರುತು ಕಾಣದಿದ್ದರೂ ಒಮ್ಮೆ ಯಾರಾದರೂ ಬಿದ್ದ ಹಾರ್ನೆಸ್, ಪಟ್ಟಿ ಮತ್ತೆ ಬಳಸಬಾರದು. ಬೀಳದಿದ್ದರೂ ತಯಾರಕರು ಚೀಟಿಯಲ್ಲಿ ಬರೆದ ಅವಧಿ ದಾಟಿಸಬೇಡಿ.

ಬಿಸಾಡುವಾಗ ಹಾಗೇ ಎಸೆಯಬೇಡಿ, ಯಾರೋ ಎತ್ತಿಕೊಂಡು ಹಾಕಿಕೊಳ್ಳುತ್ತಾರೆ. ಭುಜದ ಪಟ್ಟಿ, ತೊಡೆಯ ಪಟ್ಟಿ ಎರಡನ್ನೂ ಕತ್ತಿಯಲ್ಲಿ ತುಂಡು ಮಾಡಿ. ಆ ತುಂಡುಗಳು ಕರು ಕಟ್ಟಲು ಚೆನ್ನಾಗಿ ಬರುತ್ತವೆ.